ಆಟಿಯಲ್ಲೊಂದು ಒಣ ಹಾಸಿಗೆ

ಆಗಸ್ಟ್ 1, 2025, ಶುಕ್ರವಾರ, ರಾತ್ರಿ 10 ಗಂಟೆ

ಅಂತೂ ಬಂದು ಮುಟ್ಟಿದೆವು. ಅಮ್ಮ ಪಕ್ಕದ ಮಂಚದಲ್ಲಿ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನಿದ್ರೆ ಬಂದಿಲ್ಲ ಅಂತ ನನಗೆ ಗೊತ್ತು. ಲೆಕ್ಕ ಹಾಕುತ್ತಿದ್ದಾಳೆ.

ಇದೆಲ್ಲ ತಮ್ಮನ ಕಿತಾಪತಿ. ಹೋದ ವಾರ ಬೆಂಗಳೂರಿನಿಂದ ಫೋನ್ ಮಾಡಿದ. "ಅಕ್ಕಾ, ಅಮ್ಮನಿಗೆ ಎಪ್ಪತ್ತಾಯಿತಲ್ಲ, ರಾಣಿಪುರ ಬೆಟ್ಟದ ಬುಡದಲ್ಲಿ ಒಂದು ಇಕೋ ಲಾಡ್ಜ್ ಉಂಟು, ಎರಡು ರಾತ್ರಿಗೆ ಬುಕ್ ಮಾಡಿದ್ದೇನೆ, ಕರೆದುಕೊಂಡು ಹೋಗು" ಅಂದ. ತಾನು ಬರುವುದಿಲ್ಲವಂತೆ. ಆಫೀಸಿನಲ್ಲಿ ಏನೋ ರಿಲೀಸ್. ಅವನಿಗೆ ವರ್ಷವಿಡೀ ರಿಲೀಸೇ.

"ಆಟಿಯಲ್ಲಿ ಯಾರಾದರೂ ಮನೆ ಬಿಟ್ಟು ಕಾಡಿಗೆ ಹೋಗುವುದುಂಟಾ?" ಅಂತ ಅಮ್ಮ ಶುರು ಮಾಡಿದಳು. ಆಟಿ ಅಂದರೆ ತುಳುನಾಡಿನ ಜಡಿಮಳೆಯ ತಿಂಗಳು. ಅವಳ ಮಾತಿನಲ್ಲಿ ನ್ಯಾಯ ಇದೆ. ಅಡಿಕೆಗೆ ಎರಡನೇ ಸಲದ ಮದ್ದು ಇನ್ನೂ ಬಿಟ್ಟಾಗಿಲ್ಲ. ಮೈಲುತುತ್ತು ತಂದಿಟ್ಟು ಎರಡು ವಾರ ಆಯಿತು. ನೂರು ಲೀಟರ್ ನೀರಿಗೆ ಒಂದು ಕಿಲೋ ತುತ್ತು, ಒಂದು ಕಿಲೋ ಸುಣ್ಣ. ಅದನ್ನು ಬಿಡಲು ಒಂದೇ ಒಂದು ಒಣ ಹಗಲು ಬೇಕು. ಆ ಹಗಲು ಸಿಕ್ಕಿಲ್ಲ. ಕೊಳೆರೋಗ ಬಂದರೆ ಗೊನೆಗೆ ಗೊನೆಯೇ ಉದುರುತ್ತದೆ. ಎಪ್ಪತ್ತು ವರ್ಷ ಆಯಿತು ಅಂತ ಅದು ಬಿಡುತ್ತದಾ?

ಕಾಸರಗೋಡು ಜಿಲ್ಲೆಯ ಮುಳ್ಳೇರಿಯದಿಂದ ಹಿಲ್ ಹೈವೇಯಲ್ಲಿ ಬಂದೆವು. ಬಂದಡ್ಕದವರೆಗೆ ಅಲ್ಲೊಂದು ಇಲ್ಲೊಂದು ಕನ್ನಡ ಬೋರ್ಡು. ಆಮೇಲೆ ಕೋಳಿಚ್ಚಾಲ್, ಪನತ್ತಡಿ, ಎಲ್ಲ ಮಲಯಾಳ. ಅಲ್ಲಿಂದ ಏರು ದಾರಿ. ಗೇರು ತೋಟ ಕಂಡಾಗ ಅಮ್ಮ ಕಿಟಕಿಯ ಗಾಜು ಏರಿಸಿದಳು. ಮಳೆಗೆ ಅಂದುಕೊಂಡೆ. ಆದರೆ ಆ ಹೊತ್ತಿಗೆ ಮಳೆ ಇರಲಿಲ್ಲ.

ರೇಟು ಅಮ್ಮನಿಗೆ ಹೇಳಬೇಡ ಅಂತ ತಮ್ಮ ನಾಲ್ಕು ಸಲ ಹೇಳಿದ್ದ. ಇಲ್ಲಿ ನೋಡಿದರೆ ಕೌಂಟರಿನ ಹುಡುಗ ಬಿಲ್ಲನ್ನು ಅಮ್ಮನ ಕೈಗೇ ಕೊಟ್ಟ. ರಾತ್ರಿಗೆ 7,500.

"ಹದಿನೈದು ಕಿಲೋ ಚಾಲಿ" ಅಂದಳು ಅಮ್ಮ, ಮೆಲ್ಲಗೆ. ಚಾಲಿ ಅಂದರೆ ಒಣಗಿಸಿದ ಅಡಿಕೆ. "ಎರಡು ರಾತ್ರಿಗೆ ಮೂವತ್ತು."

ಕಾಟೇಜಿನ ಗೋಡೆ ಮುರಕಲ್ಲಿನದು. ಹಂಚಿನ ಮಾಡು, ಕೆಂಪು ಗಾರೆಯ ನೆಲ. ಥೇಟ್ ನಮ್ಮ ಹಳೇ ಮನೆ. ಅದನ್ನು ಕೆಡವಿ ಟೆರೇಸ್ ಹಾಕಿಸಿ ಹನ್ನೆರಡು ವರ್ಷ ಆಯಿತು. ಆಗ ಕೆಡವಲು ಒಂದಿಷ್ಟು ದುಡ್ಡು ಕೊಟ್ಟೆವು, ಈಗ ನೋಡಲು ಇನ್ನೊಂದಿಷ್ಟು. ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಮೂವತ್ತು ಕಿಲೋ ಸಾಕು ಇವತ್ತಿಗೆ.

ಆದರೆ ಹಾಸಿಗೆ! ಬೆಡ್‌ಶೀಟು ಮುಟ್ಟಿದರೆ ಗರಿಗರಿ. ದಿಂಬು ಬೆಚ್ಚಗೆ. ಆಟಿಯಲ್ಲಿ ನಮ್ಮ ಮನೆಯಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಕಳಚಿ ಬರುತ್ತದೆ, ಪುಸ್ತಕದ ರಟ್ಟಿನ ಮೇಲೆ ಬೂಷ್ಟು. ನಾಲ್ಕು ದಿನದಿಂದ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ನೇತಾಡುತ್ತಿರುವ ನನ್ನ ಸೀರೆಗೆ ಈಗ ತನ್ನದೇ ಆದ ವಾಸನೆ ಬಂದಿದೆ. ಇಲ್ಲಿ ಕಾಡಿನ ನಡುವೆ, ಹೊರಗೆ ಧೋ ಅಂತ ಸುರಿಯುತ್ತಿರುವಾಗ, ಒಣಗಿದ ಹಾಸಿಗೆ. ಹೇಗೆ?

ಮಳೆಯ ಸದ್ದು ಕೇಳಲಿ ಅಂತ ಕಿಟಕಿ ತೆರೆದಿಟ್ಟಿದ್ದೇನೆ. ನೊಣಬಲೆ ಇದೆ, ತೊಂದರೆ ಇಲ್ಲ.

ಆಗಸ್ಟ್ 2, ಶನಿವಾರ

ತೊಂದರೆ ಇತ್ತು. ಬೆಳಿಗ್ಗೆ ಎದ್ದರೆ ಹೊದಿಕೆಯೆಲ್ಲ ತಣ್ಣಗೆ, ಜಿಬಿಜಿಬಿ. ಒಂದು ಹನಿಯೂ ಒಳಗೆ ಬಂದಿಲ್ಲ, ಬಂದದ್ದು ಬರೀ ಗಾಳಿ. ರಾತ್ರಿಯ ಗರಿಗರಿ ಹೋಗಿಯೇ ಬಿಟ್ಟಿದೆ. ಅಮ್ಮ ತನ್ನ ಕಡೆಯ ಕಿಟಕಿ ಮುಚ್ಚಿಯೇ ಮಲಗಿದ್ದಳು. "ನಿನಗೆ ಮಳೆ ಸದ್ದು ಹೊಸತಾ?" ಅಂದಳು ಅಷ್ಟೇ.

ಆರು ಗಂಟೆಗೆ ಹಳ್ಳದ ಕಡೆಯಿಂದ ಯಾರೋ ಸಿಳ್ಳೆ ಹೊಡೆದ ಹಾಗಾಯಿತು. ರಾಗ ಶುರುವಾಗುತ್ತದೆ, ಎಲ್ಲೋ ಹೋಗುತ್ತದೆ, ದಾರಿ ತಪ್ಪಿ ಅಲ್ಲೇ ನಿಲ್ಲುತ್ತದೆ. ಹಕ್ಕಿ ಅದು, ಕಡು ನೀಲಿ ಬಣ್ಣದ್ದು. ಮಳೆಗಾಲದಲ್ಲೇ ಜಾಸ್ತಿ ಹಾಡುವುದು. ಇಂಗ್ಲಿಷಿನಲ್ಲಿ ಅದಕ್ಕೆ ಸಿಳ್ಳೆ ಹೊಡೆಯುವ ಶಾಲಾ ಹುಡುಗ ಅಂತ ಅಡ್ಡಹೆಸರು. ನನ್ನ ಏಳನೇ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಅಂಥವರು ಮೂವರಿದ್ದಾರೆ.

ಬೆಟ್ಟದ ತುದಿಗೆ ಹತ್ತುವ ಮಾತೇ ಇರಲಿಲ್ಲ, ಅಮ್ಮನ ಮೊಣಕಾಲು ಕೇಳಬೇಕಲ್ಲ. ಮೇಲೆ ಹುಲ್ಲುಗಾವಲು, ಬೆಟ್ಟದ ಮಡಿಕೆಗಳಲ್ಲಿ ಶೋಲಾ ಕಾಡು, ಆಚೆ ಬದಿಗೆ ಕೊಡಗಿನ ತಲಕಾವೇರಿ ಅಭಯಾರಣ್ಯ. ರಾಣಿಪುರದ ಹಳೇ ಹೆಸರು ಮಾಡತ್ತುಮಲೆ. ಅಮ್ಮನ ಬಾಯಲ್ಲಿ ಈಗಲೂ ಅದೇ. ನಾವು ಲಾಡ್ಜಿನ ಹಿಂದಿನ ಕಾಡಿನಲ್ಲೇ ಒಂದು ಗಂಟೆ ನಡೆದೆವು. ಜೊತೆಗೆ ದಾರಿ ತೋರಿಸುವ ಹುಡುಗ. ಮಲಯಾಳ ಮಾತಾಡುವವನು. ನನ್ನನ್ನು ಟೀಚರ್ ಅಂದ, ಅಮ್ಮನನ್ನು ಅಮ್ಮೇ ಅಂದ.

ಇಂಬಳ, ಅಂದರೆ ರಕ್ತ ಹೀರುವ ಜಿಗಣೆ, ಹತ್ತದಿರಲಿ ಅಂತ ಮೊಣಕಾಲವರೆಗಿನ ಬಟ್ಟೆಯ ಕಾಲುಚೀಲ ಕೊಟ್ಟರು. ಅಮ್ಮ ಬೇಡ ಅಂದಳು. ಎಲೆಯಡಿಕೆ ಚೀಲದಿಂದ ಸುಣ್ಣ, ಹೊಗೆಸೊಪ್ಪು ತೆಗೆದು ಕಾಲಿಗೆ ತಿಕ್ಕಿಕೊಂಡಳು. ಇಂಬಳ ಹತ್ತಿದ್ದು ನನಗೆ, ಕಾಲುಚೀಲದ ಮೇಲ್ಗಡೆ. ಕಚ್ಚಿದ್ದು ಗೊತ್ತೇ ಆಗಲಿಲ್ಲ. ಬಿಟ್ಟ ಮೇಲೂ ಅರ್ಧ ಗಂಟೆ ರಕ್ತ. ಅದರ ಜೊಲ್ಲಿನಲ್ಲಿ ಒಂದು ವಸ್ತು ಇದೆ, ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ.

ಒಂದು ಕಡೆ ಹುಡುಗ ನಿಂತು ಎಲೆ ತೋರಿಸಿದ. ಬೇರೆ ಬೇರೆ ಮರ, ಆದರೆ ಎಷ್ಟೋ ಎಲೆಗಳ ತುದಿ ಬಾಲದ ಹಾಗೆ ಉದ್ದ, ಚೂಪು. ಬಿದ್ದ ನೀರು ಆ ಬಾಲದಿಂದ ಜಾರಿ ಹೋಗುತ್ತದೆ. ಎಲೆಯ ಮೇಲೆ ನೀರು ನಿಂತರೆ ಪಾಚಿ, ಬೂಷ್ಟು ಹಿಡಿಯುತ್ತದೆ. ಕಾಡಿನ ಕೆಳಗೆ ಮೊದಲೇ ಬಿಸಿಲಿಲ್ಲ, ಇರುವಷ್ಟೂ ಎಲೆಗೆ ಸಿಗುವುದಿಲ್ಲ ಅಂತ ವಿವರಿಸಿದ. ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಲು ಹೋದೆ. ಅವಳಿಗೆ ನನಗಿಂತ ಒಳ್ಳೆ ಮಲಯಾಳ ಬರುತ್ತದೆ ಅನ್ನುವುದು ಮರೆತೇ ಹೋಗಿತ್ತು.

"ಅಂದರೆ ಮರಕ್ಕೂ ಒಣಗಿಸುವ ಕೆಲಸವಾ?" ಅಂದಳು ಅಮ್ಮ. ಎಲೆಯೊಂದರ ಬಾಲವನ್ನು ಬೆರಳಲ್ಲಿ ಹಿಡಿದು ನೋಡಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವಳ ಮುಖ ಅರಳಿತು.

ಆಮೇಲೆ ಗಲಾಟೆ. ಒಂದು ದೊಡ್ಡ ಮರದ ಕವಲಿನಲ್ಲಿ, ಪಾಚಿಯ ನಡುವೆ, ಮರಕೆಸು. ಎಳೆಯ ಎಲೆ, ಒಂದು ಹೊರೆಯಷ್ಟು. ಅಮ್ಮ ಕೊಡೆಯ ಹಿಡಿ ಹಾಕಿ ಎಳೆಯಲು ಹೋದಳು. ಹುಡುಗ ಗಾಬರಿಯಾಗಿ ಕೈ ಅಡ್ಡ ಹಿಡಿದ. ಇಲ್ಲಿ ಒಂದು ಎಲೆ ಕೀಳುವ ಹಾಗಿಲ್ಲ ಅಂದ.

"ಆಟಿಯಲ್ಲಿ ಮರಕೆಸು ಕಂಡು ಬಿಟ್ಟು ಬರುವುದುಂಟಾ! ಹತ್ತು ಎಲೆ ಸಾಕು, ಪತ್ರೊಡೆ ಮಾಡಿ ಇವನಿಗೂ ಕೊಡುತ್ತೇನೆ."

ಹುಡುಗ ಬಗ್ಗಲಿಲ್ಲ. ಅಮ್ಮ ದಾರಿಯುದ್ದಕ್ಕೂ ಹಿಂತಿರುಗಿ ಹಿಂತಿರುಗಿ ನೋಡಿದಳು. ನಿಯಮ ಸರಿಯೇ, ನಾನು ಹುಡುಗನ ಪರ. ಆದರೂ ಪತ್ರೊಡೆ...

ಮಧ್ಯಾಹ್ನ ನನಗೊಂದು ನಿದ್ರೆ. ಎದ್ದಾಗ ಅಮ್ಮ ಇಲ್ಲ. ಮಳೆಯಲ್ಲಿ ಹುಡುಕುತ್ತಾ ಹೋದರೆ ಅಡುಗೆಮನೆಯ ಹಿಂದೆ, ಮುರಕಲ್ಲಿನ ಒಂದು ಸಣ್ಣ ಕೋಣೆಯಿಂದ ಅವಳ ದನಿ. ಬಾಗಿಲು ತೆರೆದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಒಳಗೆ ಸಾಲು ಸಾಲು ಬಿದಿರು ಕೋಲು, ಕೋಲಿನ ಮೇಲೆ ಬೆಡ್‌ಶೀಟು, ಟವೆಲು. ಅಮ್ಮ ಸ್ಟೂಲಿನ ಮೇಲೆ ಕೂತಿದ್ದಾಳೆ, ಎದುರಿಗೆ ನಡುವಯಸ್ಸಿನ ಒಬ್ಬ ಹೆಂಗಸು. ಕರಿಕೆಯವರಂತೆ. ಇಲ್ಲಿಂದ ಪಾಣತ್ತೂರು ದಾಟಿದರೆ ಕೊಡಗಿನ ಗಡಿ, ಅದರಾಚೆಯೇ ಅವರ ಊರು. ಅರೆಭಾಷೆ ಬೆರೆತ ಕನ್ನಡ. ನಿನ್ನೆಯಿಂದ ಕನ್ನಡ ಕೇಳದೆ ಅಮ್ಮನಿಗೆ ಬಾಯಿ ಕಟ್ಟಿದ ಹಾಗಾಗಿತ್ತು ಅಂತ ಕಾಣುತ್ತದೆ.

ಸ್ನಾನದ ನೀರು ಕಾಯಿಸುವ ಒಲೆ ಆಚೆ ಬದಿಗಿದೆ. ಅದರ ಹೊಗೆ ಕೊಳವೆಯನ್ನು ನೇರ ಮೇಲಕ್ಕೆ ಬಿಡದೆ, ಈ ಕೋಣೆಯ ಗೋಡೆಯುದ್ದಕ್ಕೂ ಸುತ್ತಿಸಿ ಹೊರಗೆ ಬಿಟ್ಟಿದ್ದಾರೆ. ಅಷ್ಟೇ ಉಪಾಯ. ನಾನು ವಿಜ್ಞಾನ ಪಾಠ ಹೇಳುವವಳು, ಸುಮ್ನೆ ಕೂರಲಾಗಲಿಲ್ಲ. ಹೊರಗಿನ ಗಾಳಿ 22 ಡಿಗ್ರಿ ಅಂತ ಇಟ್ಟುಕೊಳ್ಳಿ, ನೀರು ಹಿಡಿಯುವಷ್ಟೂ ಹಿಡಿದಿದೆ. ಇನ್ನು ಬಟ್ಟೆಯಿಂದ ಒಂದು ಹನಿಯನ್ನೂ ಅದು ತೆಗೆದುಕೊಳ್ಳುವುದಿಲ್ಲ. ಫ್ಯಾನ್ ಹಾಕಿದರೂ ಅದೇ ಹೊಟ್ಟೆ ತುಂಬಿದ ಗಾಳಿ ತಿರುಗುತ್ತದೆ. ಅದನ್ನೇ 40 ಡಿಗ್ರಿಗೆ ಕಾಯಿಸಿದರೆ ಅದರ ಹೊಟ್ಟೆ ಎರಡೂವರೆ ಪಟ್ಟಿಗೂ ಮೇಲೆ ದೊಡ್ಡದಾಗುತ್ತದೆ. ಆಗ ಬಟ್ಟೆಯ ನೀರು ಕುಡಿಯುತ್ತದೆ. ಮೇಲೊಂದು ಕಿಂಡಿ, ಕೆಳಗೊಂದು ಕಿಂಡಿ ಇದ್ದರೆ ಹಳೇ ಗಾಳಿ ಹೋಗಿ ಹೊಸದು ಬರುತ್ತದೆ.

"ಇದನ್ನು ಹೇಳಲು ಬಿಎಡ್ ಮಾಡಬೇಕಿತ್ತಾ?" ಅಂದಳು ಅಮ್ಮ. ಕರಿಕೆಯ ಅಕ್ಕ ಬಾಯಿಗೆ ಸೆರಗು ಹಿಡಿದು ನಕ್ಕರು.

ಆರು ಕಾಟೇಜು. ತುಂಬಿದ ದಿನ ಹನ್ನೆರಡು ಶೀಟು, ಇಪ್ಪತ್ತನಾಲ್ಕು ಟವೆಲು. ಹೊದಿಕೆ ಬೇರೆ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ರಾತ್ರಿ ಎಂಟರವರೆಗೆ ಇವರದೇ ಕೆಲಸ. ಕರೆಂಟಿನ ಡ್ರೈಯರ್ ಯಾಕೆ ಇಟ್ಟಿಲ್ಲ ಅಂತ ಕೇಳಿದೆ. ಮಳೆಗಾಲದಲ್ಲಿ ಇಲ್ಲಿ ಸೋಲಾರ್ ನಡೆಯುವುದಿಲ್ಲ, ಹಳ್ಳದ ನೀರಿನಲ್ಲಿ ತಿರುಗುವ ಸಣ್ಣ ಟರ್ಬೈನೇ ಗತಿ. ಆಮೇಲೆ ಲೆಕ್ಕ ಹಾಕಿ ನೋಡಿದೆ. 30 ಮೀಟರ್ ಎತ್ತರದಿಂದ ಸೆಕೆಂಡಿಗೆ 5 ಲೀಟರ್ ನೀರು ಬಿದ್ದರೆ, ಅರ್ಧ ಪೋಲಾದರೂ 700 ವಾಟ್ ಸಿಗುತ್ತದೆ. ಬಲ್ಬುಗಳಿಗೆ, ಫೋನಿಗೆ ಧಾರಾಳ. ಡ್ರೈಯರಿಗೆ ಸಾಲದು. ಬೇಸಿಗೆಯಲ್ಲಿ ಹಳ್ಳ ಬತ್ತುತ್ತದೆ, ಆಗ ಬಿಸಿಲು ಬರುತ್ತದೆ. ಒಂದು ಮಲಗಿದಾಗ ಇನ್ನೊಂದು ಏಳುತ್ತದೆ. ಈ ವ್ಯವಸ್ಥೆ ನನಗೆ ತುಂಬ ಹಿಡಿಸಿತು.

ಶೀಟಿನಲ್ಲಿ ಹೊಗೆ ವಾಸನೆ ಅಂತ ಕೆಲವರು ದೂರು ಕೊಡುತ್ತಾರಂತೆ. ಹೋದ ವಾರ ಬಂದವರೊಬ್ಬರು ಮೂರು ಸಲ ಶೀಟು ಬದಲಾಯಿಸಿದರಂತೆ. ಅಮ್ಮನಿಗೆ ಸಿಟ್ಟು ಬಂತು. ಬಂದವರ ಮೇಲಲ್ಲ, ಸೌದೆಯ ಮೇಲೆ. ಎದ್ದು ಹೋಗಿ ಒಲೆ ನೋಡಿದಳು. ಕಾಡಿನ ಕಡ್ಡಿ ಮುಟ್ಟುವ ಹಾಗಿಲ್ಲ, ಹೊರಗಿನಿಂದ ತಂದ ರಬ್ಬರ್ ಮರದ ಸೌದೆ. "ಹಸಿ ಸೌದೆ! ಇದನ್ನು ಉರಿಸಿದರೆ ಹೊಗೆಯಾಗದೆ ಇನ್ನೇನಾಗುತ್ತದೆ? ನಾಳೆಯ ಸೌದೆಯನ್ನು ಇವತ್ತೇ ಒಲೆಯ ಮೇಲೆ ಅಟ್ಟಕ್ಕೆ ಹಾಕಿ. ಹಚ್ಚುವಾಗ ತೆಂಗಿನ ಗೆರಟೆ ಹಾಕಿ" ಅಂತ ಹೇಳಿಕೊಟ್ಟಳು.

ಅಲ್ಲಿಂದ ಮಾತು ಹಪ್ಪಳಕ್ಕೆ ಹೋಯಿತು. ಅಮ್ಮ ಯಾವ ಊರಿಗೆ ಹೋದರೂ ಹಲಸಿನ ಹಪ್ಪಳದ ಡಬ್ಬ ಜೊತೆಗೇ ಬರುತ್ತದೆ. ಅದನ್ನು ತರಿಸಿದಳು. ಒಲೆಯ ಕೆಂಡದಲ್ಲೇ ಸುಟ್ಟೆವು. ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿದ್ದು, ಆಗಸ್ಟಿನ ಮಳೆಯಲ್ಲಿ ಕಟುಂ ಅಂತ ಮುರಿಯುತ್ತಿತ್ತು. ಅಡಿಕೆಯನ್ನು ನಲವತ್ತು, ನಲವತ್ತೈದು ದಿನ ಅಂಗಳದಲ್ಲಿ ಒಣಗಿಸಿದರೇನೇ ಚಾಲಿ. ಮಾಂಬಳ, ಪುನರ್ಪುಳಿ ಸಿಪ್ಪೆ, ಸೆಂಡಿಗೆ, ಎಲ್ಲದಕ್ಕೂ ಅವಳಲ್ಲಿ ದಿನದ ಲೆಕ್ಕ ಇದೆ. ಎಪ್ಪತ್ತು ವರ್ಷದಲ್ಲಿ ಅರ್ಧ ಆಯುಸ್ಸು ಅವಳು ಮೋಡ ನೋಡಿಯೇ ಕಳೆದಿರಬೇಕು. ನನಗೆ ಬೆಡ್‌ಶೀಟು ಒಂದನ್ನು ಒಣಗಿಸಿಕೊಳ್ಳಲು ಬರುವುದಿಲ್ಲ.

ಸಂಜೆ ದೀಪಕ್ಕೆ ಹುಳುಗಳು ಮುತ್ತಿದವು. ಅಂಗೈಯಗಲದ ಪತಂಗ, ಹಸಿರು ಜೀರುಂಡೆ, ಹೆಸರು ಗೊತ್ತಿಲ್ಲದ್ದು ನೂರಾರು. ನಾನು ದೂರ ಸರಿದೆ. ಅಮ್ಮ ಅಲ್ಲೇ ಕೂತಳು. "ಇಷ್ಟು ಹುಳು ನೋಡದೆ ಎಷ್ಟು ಕಾಲ ಆಯಿತು" ಅಂದಳು. ನಾನು ಚಿಕ್ಕವಳಿದ್ದಾಗ ಗೇರು ತೋಟದ ಮೇಲೆ ಹೆಲಿಕಾಪ್ಟರ್ ಬಂದರೆ ಅವಳು ಬಾವಿಗೆ ಮಡಲು ಮುಚ್ಚಲು ಓಡುತ್ತಿದ್ದಳು. ನಮಗೆ ಮಕ್ಕಳಿಗೆ ಅದು ತಮಾಷೆ, ಕೈ ಬೀಸುತ್ತಿದ್ದೆವು. ಸುರಿಯುತ್ತಿದ್ದದ್ದು ಎಂಡೋಸಲ್ಫಾನ್, ಹುಳು ಕೊಲ್ಲುವ ವಿಷ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ನಿನ್ನೆ ಗಾಜು ಏರಿಸಿದ್ದು ಯಾಕೆ ಅಂತ ಆಗ ಹೊಳೆಯಿತು. ಕೇಳಲಿಲ್ಲ.

ಊಟವಾದ ಮೇಲೆ ಹುಡುಗ ಟಾರ್ಚ್ ಹಿಡಿದು ಕರೆದ. ಐವತ್ತು ಹೆಜ್ಜೆ ಅಷ್ಟೇ, ಅಮ್ಮನೂ ಬರಬಹುದು ಅಂದ. ಒಂದು ಕೊಳೆತ ಮರದ ದಿಮ್ಮಿ, ಅದರ ಮೇಲೆ ಗೊಂಚಲು ಗೊಂಚಲು ಸಣ್ಣ ಬಿಳಿ ಅಣಬೆ. ಟಾರ್ಚ್ ಆರಿಸಿದ. ಏನೂ ಇಲ್ಲ, ಕಡುಗತ್ತಲೆ. ಮಳೆ ಬಿಟ್ಟರೂ ಮರದ ಹನಿ ಬಿಟ್ಟಿರಲಿಲ್ಲ, ತಲೆಯ ಮೇಲೆ ಟಪ್ ಟಪ್. ನಾಲ್ಕೈದು ನಿಮಿಷ ನಿಂತೆವು. ಆಮೇಲೆ ಮೆಲ್ಲಗೆ, ಇದೆಯೋ ಇಲ್ಲವೋ ಅನ್ನುವ ಹಾಗೆ, ಮಸುಕು ಹಸಿರು ಬೆಳಕು. ಗಡಿಯಾರದ ಮುಳ್ಳು ಹೊಳೆಯುತ್ತದಲ್ಲ, ಹಾಗೆ. ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಇದೆ.

ರಾಣಿಪುರದ ಕಾಡಿನಲ್ಲಿ ಇಂಥ ಅಣಬೆ ಸಿಕ್ಕಿದ್ದು ಹೋದ ವರ್ಷ ಪೇಪರಿನಲ್ಲಿ ಬಂದಿತ್ತು. ಫಿಲೊಬೊಲೆಟಸ್ ಮ್ಯಾನಿಪುಲಾರಿಸ್ ಅಂತ ಹೆಸರು. ಅಣಬೆಯೊಳಗಿನ ಲೂಸಿಫೆರಿನ್ ಎಂಬ ವಸ್ತು ಆಮ್ಲಜನಕದ ಜೊತೆ ಸೇರುವಾಗ ಬರುವ ಬೆಳಕು ಅದು, ಬಿಸಿ ಇಲ್ಲದ್ದು.

"ಸಣ್ಣವಳಿದ್ದಾಗ ಗುಡ್ಡೆಯಲ್ಲಿ ಒಮ್ಮೆ ಕಂಡಿದ್ದೆ" ಅಂದಳು ಅಮ್ಮ ಕತ್ತಲಲ್ಲಿ. "ಕೊಳ್ಳಿದೆವ್ವ ಅಂತ ಓಡಿ ಬಂದು ಮೂರು ದಿನ ಜ್ವರ."

ಈಗ ಕಿಟಕಿ ಮುಚ್ಚಿದ್ದೇನೆ. ಕರಿಕೆಯ ಅಕ್ಕ ಹೊಸ ಶೀಟು ಹಾಕಿ ಹೋಗಿದ್ದಾರೆ. ಮೂಗು ಹತ್ತಿರ ತಂದರೆ ಹೊಗೆ ವಾಸನೆ ಇದೆ, ನಿಜ. ಅಜ್ಜಿಯ ಕಂಬಳಿಗೂ ಇದೇ ವಾಸನೆ ಇತ್ತು.

ಆಗಸ್ಟ್ 3, ಭಾನುವಾರ

ಹೊರಡುವಾಗ ಬಿಸಿಲು! ಅಮ್ಮ ಕಾರಿನಿಂದಲೇ ಮದ್ದು ಬಿಡುವವನಿಗೆ ಫೋನ್ ಮಾಡಿದಳು. ಅವನು ಇನ್ನೊಬ್ಬರ ತೋಟದಲ್ಲಿ ಮರದ ಮೇಲಿದ್ದ. ಬಂದಡ್ಕಕ್ಕೆ ಮುಟ್ಟುವಾಗ ಮತ್ತೆ ಮಳೆ. ಅಮ್ಮ ಏನೂ ಹೇಳಲಿಲ್ಲ, ಬ್ಯಾಗಿನಿಂದ ಡಬ್ಬ ತೆಗೆದು ಅಲ್ಲಾಡಿಸಿದಳು. ಖಾಲಿ.

ರಾತ್ರಿ ತಮ್ಮನ ಫೋನು. ಸ್ಪೀಕರ್ ಹಾಕಿದೆ.

"ಹೇಗಿತ್ತಮ್ಮಾ?"

"ಬೆಡ್‌ಶೀಟು ಒಳ್ಳೆ ಒಣಗಿತ್ತು."

"ಅಷ್ಟೇನಾ? ಕಾಡು?"

"ಮರಕೆಸು ಇತ್ತು. ಕೊಯ್ಯಲು ಬಿಡಲಿಲ್ಲ."

ಅವನು ನನ್ನ ಹತ್ತಿರ, "ಅಮ್ಮನಿಗೆ ಖುಷಿಯಾಯಿತಾ ಇಲ್ಲವಾ, ಸರಿಯಾಗಿ ಹೇಳಕ್ಕಾ" ಅಂತ ಕೇಳಿದ. ಉತ್ತರ ಕೊಡುವ ಮೊದಲು ಅಮ್ಮ ಎದ್ದು ಹೋಗಿದ್ದಳು. ಬಚ್ಚಲ ಕಡೆಯಿಂದ ಸುತ್ತಿಗೆಯ ಸದ್ದು. ಹೋಗಿ ನೋಡಿದರೆ ಒಲೆಯ ಮೇಲ್ಗಡೆ ಎರಡು ಮೊಳೆ ಹೊಡೆದು ಹಗ್ಗ ಬಿಗಿಯುತ್ತಿದ್ದಾಳೆ. ಹಾಲ್‌ನಲ್ಲಿದ್ದ ನನ್ನ ಸೀರೆ ಆಗಲೇ ಅವಳ ಹೆಗಲ ಮೇಲಿತ್ತು.

"ನಾಳೆ ಶಾಲೆಗೆ ಇದನ್ನೇ ಉಟ್ಟುಕೊಂಡು ಹೋಗು" ಅಂದಳು. "ಗೆರಟೆ ಹಾಕಿದ್ದೇನೆ, ಹೊಗೆ ವಾಸನೆ ಬರುವುದಿಲ್ಲ."