ಕಿವಿರಿನ ಹುಳ: ಹೊಸ ಜಾತಿಯೋ, ಒತ್ತಿ ಕೆಟ್ಟ ಸ್ಲೈಡೋ?

ಜೂನ್, ಮಳೆ ಹಿಡಿಯುವ ಮುನ್ನ. ಶಿರಸಿ ಕಡೆಯಿಂದ ಅಘನಾಶಿನಿಗೆ ಸೇರುವ ಹಳ್ಳವೊಂದರಲ್ಲಿ ಬೀಸುಬಲೆಗೆ ಆರು ಮೀನು ಬಿದ್ದವು, ಆರೂ ಡಾಕಿನ್ಸಿಯಾ ಎಂಬ ಸಿಹಿನೀರಿನ ಸಣ್ಣ ಮೀನುಗಳ ಕುಲದವು. ಹುಡುಕುತ್ತಿರುವುದು ಅವುಗಳ ಕಿವಿರಿಗೆ ಕೊಕ್ಕೆ ಹಾಕಿ ಬದುಕುವ ಪುಟ್ಟ ಪರಾವಲಂಬಿ ಹುಳವನ್ನು. ಹಳ್ಳದ ನೀರಿನಲ್ಲೇ ಜೀವಂತ ತರಬೇಕು. ಮೀನು ಸತ್ತು ಹೊತ್ತಾದರೆ ಹುಳ ಕಿವಿರು ಬಿಟ್ಟು ಉದುರುತ್ತದೆ, ಮೈಯೂ ಕೊಳೆಯತೊಡಗುತ್ತದೆ.

ಕತ್ತರಿ ಹಾಕುವ ಮೊದಲು ಪ್ರತಿ ಮೀನಿನ ಫೋಟೊ, ರೆಕ್ಕೆಯ ಒಂದು ಚೂರು ಆಲ್ಕೋಹಾಲಿಗೆ. ಒಂದು ಮೀನಿನ ಒಂದೇ ಬದಿಯ ಕಿವಿರು ತೆಗೆದು ದೇಹ ಪೂರ್ತಿ ಜೋಪಾನ. ಇಷ್ಟೆಲ್ಲ ಯಾಕೆಂದರೆ, ಪಶ್ಚಿಮ ಘಟ್ಟದ ಈ ಕುಲದಲ್ಲೇ 2020ರಲ್ಲಿ ನಾಲ್ಕು ಹೊಸ ಜಾತಿಗಳ ವಿವರಣೆ ಬಂದಿದೆ. ಮೀನಿನ ಹೆಸರೇ ತಪ್ಪಿದರೆ ಹುಳದ ಹೋಲಿಕೆಗೆ ಬುಡವೇ ಇಲ್ಲ.

ಕಿವಿರಿನ ಕಮಾನುಗಳನ್ನು ಸಣ್ಣ ಬಾಟಲಿಗೆ ಹಾಕಿ, 60 ಡಿಗ್ರಿಯ ಬಿಸಿನೀರು ಸುರಿದು ಜೋರಾಗಿ ಅಲುಗಿಸಿದರೆ ಹುಳಗಳು ಮೈ ಚಾಚಿಕೊಂಡೇ ಸಾಯುತ್ತವೆ. ತಣ್ಣನೆಯ ಫಾರ್ಮಾಲಿನ್‌ಗೆ ನೇರ ಹಾಕಿದರೆ ಮುದುಡುತ್ತವೆ, ಡಿಎನ್‌ಎಯೂ ಕೆಡುತ್ತದೆ. ಡಿಎನ್‌ಎಗೆ ಎತ್ತಿಡುವುದು 95% ಆಲ್ಕೋಹಾಲಿಗೆ.

ಹುಳಕ್ಕೆ ನಾಲ್ಕು ಕಣ್ಣಿನ ಚುಕ್ಕೆ, ಹಿಂತುದಿಯ ತಟ್ಟೆಯಲ್ಲಿ ಒಂದು ಜೊತೆ ದೊಡ್ಡ ಕೊಕ್ಕೆ, ಅಂಚಿಗೆ ಏಳು ಜೊತೆ ಪುಟ್ಟ ಕೊಕ್ಕೆ. ಅಲ್ಲಿಗೆ ಗೈರೋಡ್ಯಾಕ್ಟೈಲಸ್ ಎಂಬ ಹುಳದ ಕುಲ ಹೊರಗಾಯಿತು: ಅದಕ್ಕೆ ಕಣ್ಣಿಲ್ಲ, ಅಂಚಿನ ಕೊಕ್ಕೆ ಎಂಟು ಜೊತೆ. ಡ್ಯಾಕ್ಟೈಲೋಗೈರಸ್ ಎಂಬ ಇನ್ನೊಂದು ಕುಲದ ಬಳಗ ಎನ್ನಲು ಅಡ್ಡಿಯಿಲ್ಲ. ಆದರೆ ಆ ಕುಲವೊಂದರಲ್ಲೇ 900ಕ್ಕೂ ಹೆಚ್ಚು ಜಾತಿಗಳಿವೆ. ಡಾಕಿನ್ಸಿಯಾಕ್ಕೆ ಹತ್ತಿರದ ನಮ್ಮ ಪುಂಟಿಯಸ್ ಬಗೆಯ ಮೀನುಗಳಲ್ಲಿ ಸಿಗುವ ಡ್ಯಾಕ್ಟೈಲೋಗೈರಾಯ್ಡಿಸ್ ಕುಲವನ್ನೂ ಪಕ್ಕಕ್ಕಿಟ್ಟು ನೋಡಬೇಕು.

ಜುಲೈ. ಅಮೋನಿಯಂ ಪಿಕ್ರೇಟಿನ ಗಾಢ ದ್ರಾವಣಕ್ಕೆ ಸಮಪಾಲು ಗ್ಲಿಸರಿನ್ ಬೆರೆಸಿ ಸ್ಲೈಡ್ ಮಾಡಿದ್ದು. ಕೊಕ್ಕೆಗಳು ಇದರಲ್ಲಿ ಕಾಣುವಷ್ಟು ಚೊಕ್ಕವಾಗಿ ಬೇರೆ ಯಾವುದರಲ್ಲೂ ಕಾಣುವುದಿಲ್ಲ. ಪಿಕ್ರೇಟು ಒಣಗಿದರೆ ಸಿಡಿಯುವ ವಸ್ತು. ಬಾಟಲಿಯ ಬಾಯಿಗೆ ಹರಳು ಕಟ್ಟಲು ಬಿಡಬೇಡಿ. ಈ ದ್ರವ ಗಟ್ಟಿಯಾಗದು, ಅಂಚಿಗೆ ನೇಲ್ ಪಾಲಿಶ್ ಎರಡು ಸಲ.

ಗಂಡು ಲಿಂಗಾಂಗದ ನಳಿಗೆ ಈಗಾಗಲೇ ಗೊತ್ತಿರುವ ಜಾತಿಗಳ ಯಾವ ಚಿತ್ರಕ್ಕೂ ಹೊಂದದೆ ನೆಟ್ಟಗೆ ಚಾಚಿತ್ತು. ಹೊಸದೇ ಸರಿ ಅನ್ನಿಸುವಂತಿತ್ತು! ಕಾರಣ ಬೇರೆ. ಬ್ಲಾಟಿಂಗ್ ಕಾಗದದಿಂದ ನೀರು ಅತಿಯಾಗಿ ಹೀರಿ, ಕವರ್‌ಸ್ಲಿಪ್ ಕುಸಿದು ಹುಳ ಅಪ್ಪಚ್ಚಿಯಾಗಿತ್ತು. ನಳಿಗೆಯ ತುದಿಗೆ ಆಸರೆಯಾಗಿರುವ ಸಹಾಯಕ ತುಂಡು ಕಳಚಿ ಪಕ್ಕಕ್ಕೆ ಸರಿದಿತ್ತು. ಹಗುರವಾಗಿ ಒತ್ತಿದ ಹುಳಗಳಲ್ಲಿ ನಳಿಗೆ ಕುಡುಗೋಲಿನಂತೆ ಬಾಗಿ, ತುದಿ ಆ ತುಂಡಿನ ತೋಡಿನೊಳಗೇ ಕೂತಿರುತ್ತದೆ. ಆದರೂ ತುಂಡಿನ ಬದಿಗೆ ಮೂಡಿದ ಸಣ್ಣ ಮುಳ್ಳೊಂದು ಅಪ್ಪಚ್ಚಿಯಾದ, ಹಗುರವಾಗಿ ಒತ್ತಿದ ಎರಡೂ ಬಗೆಯ ಸ್ಲೈಡಿನಲ್ಲಿದೆ. ಈಗ ಕುತೂಹಲವಿರುವುದು ಅದರ ಮೇಲೆ.

ಅಳತೆಯಲ್ಲೂ ಒಂದು ಎಡವಟ್ಟು. ಕಣ್ಗಾಜಿನ ಮಾಪಕವನ್ನು 40ರ ಲೆನ್ಸಿಗೆ ಹೊಂದಿಸಿ, 100ರ ಎಣ್ಣೆ ಲೆನ್ಸಿನಲ್ಲಿ ಅಳೆದರೆ ಎಲ್ಲ ಅಂಕಿಯೂ ಎರಡೂವರೆ ಪಟ್ಟು ಹಿಗ್ಗುತ್ತದೆ. ಪ್ರತಿ ಲೆನ್ಸಿಗೂ 10 ಮೈಕ್ರಾನ್ ಗೆರೆಯ ಸ್ಟೇಜ್ ಮೈಕ್ರೋಮೀಟರ್ ಇಟ್ಟು ಬೇರೆಬೇರೆ ಲೆಕ್ಕ ಬರೆದುಕೊಳ್ಳಬೇಕು. ಮಗ್ಗುಲಾಗಿ, ಓರೆಯಾಗಿ ಬಿದ್ದ ಕೊಕ್ಕೆ ಗಿಡ್ಡವಾಗಿ ಕಾಣುತ್ತದೆ. ಚಪ್ಪಟೆ ಮಲಗಿದ್ದನ್ನು ಮಾತ್ರ ಅಳೆಯುವುದು.

ಆಗಸ್ಟ್. ಹೊಸ ಮೀನು ಹಿಡಿದಿಲ್ಲ. ಹಳ್ಳದ ಮೇಲಿನ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಹೊಡೆಯುವ ಹೊತ್ತು. ಮೈಲುತುತ್ತ ನೀರಿಗಿಳಿದರೆ ಕಿವಿರಿನ ಹುಳಕ್ಕೂ ಪೆಟ್ಟು, ಆಗ ಎಣಿಸಿದ ಲೆಕ್ಕ ನಂಬುವಂತಿರುವುದಿಲ್ಲ. ಲೆನ್ಸಿಗೆ ಬೂಸ್ಟು ಬರದಂತೆ ಮೈಕ್ರೋಸ್ಕೋಪಿನ ಡಬ್ಬಕ್ಕೆ ಸಿಲಿಕಾ ಜೆಲ್ ಬದಲಿಸಿದ್ದಷ್ಟೇ ಕೆಲಸ.

ಬಾಕಿ ಇರುವುದು: ಕನಿಷ್ಠ 30 ಹುಳಗಳ ಅಳತೆ, ಒಂದಕ್ಕಿಂತ ಹೆಚ್ಚು ಹಳ್ಳಗಳಿಂದ. ಡಿಎನ್‌ಎಗೆ ಹುಳವನ್ನು ಎರಡಾಗಿ ಕತ್ತರಿಸಿ, ಲಿಂಗಾಂಗವಿರುವ ಮುಂಭಾಗ ಸ್ಲೈಡಿಗೆ, ಹಿಂಭಾಗ ಜಾತಿ ಹೋಲಿಸಲು ಬಳಸುವ 28ಎಸ್ ಜೀನಿನ ಓದಿಗೆ. ಆ ಹುಳದ ಕೊಕ್ಕೆ ಕೈತಪ್ಪುತ್ತದೆ, ಆದ್ದರಿಂದ ಕತ್ತರಿಸುವ ಮುನ್ನ ಅದರ ಚಿತ್ರ ಇರಲೇಬೇಕು. ಹೊಸದೆಂದೇ ಆದರೆ, 2002ರ ಜೈವಿಕ ವೈವಿಧ್ಯ ಕಾಯ್ದೆಯ 39ನೇ ಕಲಮಿನ ಪ್ರಕಾರ ಮಾದರಿಯನ್ನು ಸರ್ಕಾರ ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಅದಕ್ಕೆಂದು, ಹಗುರವಾಗಿ ಒತ್ತಿದವುಗಳಲ್ಲಿ ಮುಳ್ಳು ಸ್ಪಷ್ಟವಿರುವ ನಾಲ್ಕು ಸ್ಲೈಡುಗಳನ್ನು ಗಟ್ಟಿಯಾಗಿ ಕಾಯಂ ಉಳಿಯುವ ಕೆನಡಾ ಬಾಲ್ಸಮ್ ಅಂಟಿಗೆ ವರ್ಗಾಯಿಸಲು ತೆಗೆದಿರಿಸಿದೆ.