ಹೊನ್ನಾವರಕ್ಕೆ ಎರಡು ದಿನ: ಹೋಟೆಲಿಗಿಂತ ಮೊದಲು ಭರತ-ಇಳಿತ ನೋಡಿ

ಬೆಂಗಳೂರಿನಿಂದ ಶುಕ್ರವಾರ ಸಂಜೆ ಪಂಚಗಂಗಾ ಎಕ್ಸ್‌ಪ್ರೆಸ್ ಹತ್ತಿದರೆ ಶನಿವಾರ ಬೆಳಿಗ್ಗೆ ಹೊನ್ನಾವರ. ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ವಾರಾಂತ್ಯದ ಬರ್ತ್‌ಗಳು ಬೇಗ ಖಾಲಿಯಾಗುವುದರಿಂದ ಕೊನೆ ವಾರದವರೆಗೆ ಕಾಯಬೇಡಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕಡಲಿಗಿಳಿಯುವ ಮಾತೇ ಇಲ್ಲ.

ಇಲ್ಲಿಯ ಮುಖ್ಯ ನೋಟ ಶರಾವತಿ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಹಲವರು ಎಡವುವುದು ಸಮಯದಲ್ಲಿ. ಅರಣ್ಯ ಇಲಾಖೆಯ ಮರದ ಕಾಲುಹಾದಿಗೆ ಇಳಿತದಲ್ಲೇ ಹೋಗಿ. ಆಗಲೇ ಬೇರುಗಳು, ಕೆಸರಿನ ಏಡಿಗಳು ಕಾಣುವುದು. ದೋಣಿಗೆ ಭರತ ಬೇಕು. ನೀರು ಇಳಿದಾಗ ಕಿರುಗಾಲುವೆಗಳಲ್ಲಿ ದೋಣಿ ಕೆಸರಿಗೆ ತಾಗುತ್ತದೆ. ಎರಡರ ನಡುವೆ ಸುಮಾರು 6 ತಾಸು ಅಂತರ, ಹಾಗಾಗಿ ಒಂದು ಬೆಳಿಗ್ಗೆ, ಒಂದು ಮಧ್ಯಾಹ್ನ ಎಂದು ಹೊಂದಿಸಬಹುದು. ಭಾನುವಾರಕ್ಕೆ ಶನಿವಾರದ ಹೊತ್ತನ್ನೇ ನೆಚ್ಚಬೇಡಿ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾದಿ ಬಿಟ್ಟು ಕೆಸರಿಗೆ ಇಳಿಯಬೇಡಿ: ಮೇಲೆದ್ದ ಉಸಿರು ಬೇರುಗಳು ತುಳಿತಕ್ಕೆ ಮುರಿಯುತ್ತವೆ, ಕಾಲೂ ಹೂತುಕೊಳ್ಳುತ್ತದೆ.

ಈಜಾಟಕ್ಕೆ ಹೊನ್ನಾವರದ ಬಳಿಯ ಕಾಸರಕೋಡು ಕಡಲತೀರ. 2020ರಲ್ಲಿ ದೇಶದಲ್ಲಿ ಮೊದಲ ಬಾರಿಗೆ ನೀಲಿ ಬಾವುಟ (ಬ್ಲೂ ಫ್ಲ್ಯಾಗ್, ಸ್ವಚ್ಛ, ಸುರಕ್ಷಿತ ತೀರಕ್ಕೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ) ಸಿಕ್ಕ 8 ಕಡಲತೀರಗಳಲ್ಲಿ ಇದೂ ಒಂದು (ಕರ್ನಾಟಕದ ಇನ್ನೊಂದು ಪಡುಬಿದ್ರಿ). ಗುರುತು ಹಾಕಿದ ಜಾಗದಲ್ಲೇ ನೀರಿಗಿಳಿಯಬೇಕು ಎಂದರೆ ಕೆಲವರಿಗೆ ಕಿರಿಕಿರಿ. ಆದರೆ ಜನರನ್ನು ಒಂದೆಡೆ ಹಿಡಿದಿಟ್ಟರೆ ಉಳಿದ ಮರಳಿಗೆ ಉಸಿರಾಡಲು ಬಿಡುವು, ಶೌಚಾಲಯ, ಜೀವರಕ್ಷಕರೂ ಅಲ್ಲೇ.

ಮರಳ ದಿಬ್ಬದ ಮೇಲೆ ಹಬ್ಬಿದ, ನೇರಳೆ ಹೂವಿನ ಅಡುಂಬು ಬಳ್ಳಿಯನ್ನು ದಾಟಿ ಅಡ್ಡದಾರಿ ಮಾಡಬೇಡಿ. ದಿಬ್ಬವನ್ನು ಹಿಡಿದಿರುವುದೇ ಅದು. ಬಳ್ಳಿ ಹರಿದಲ್ಲಿ ಗಾಳಿ ಮರಳನ್ನು ಕೆದಕುತ್ತದೆ, ಮಳೆಗಾಲದ ಅಲೆಗೆ ಅದೇ ಸಂದಿ ದಾರಿಯಾಗುತ್ತದೆ. ಕಾರನ್ನಂತೂ ಮರಳಿಗೆ ಇಳಿಸಲೇಬೇಡಿ. ಚಕ್ರ ಹೂತು ಟ್ರ್ಯಾಕ್ಟರ್ ಹುಡುಕುವ ಪಾಡು ನಿಮ್ಮದು, ಸರಿ. ಆದರೆ ಪ್ರವಾಸಕ್ಕೆ ಒಳ್ಳೆಯದಾದ ಇದೇ ತಿಂಗಳುಗಳಲ್ಲಿ ಇಲ್ಲಿನ ಮರಳಿನಲ್ಲಿ ಕಡಲಾಮೆಗಳು ಗೂಡಿಡುತ್ತವೆ. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮೇಲಿಂದ ಗುರುತೂ ಸಿಗದು. ಮರಿಗಳು ಹೊರಬಂದರೂ ಚಕ್ರದ ಅಚ್ಚಿನಲ್ಲಿ ಸಿಕ್ಕಿಬೀಳುತ್ತವೆ.

ರಾತ್ರಿ ದಡದಲ್ಲಿ ಟಾರ್ಚ್, ಮೊಬೈಲ್ ಫ್ಲ್ಯಾಶ್ ಬೇಡ. ಮರಿಗಳು ಬೆಳಕು ಕಂಡತ್ತ ತಿರುಗಿ ಕಡಲಿನ ದಿಕ್ಕು ತಪ್ಪುತ್ತವೆ. ಆಮೆ ಕಂಡರೆ ಮುಟ್ಟದೆ, ದೂರ ನಿಂತು, ಅರಣ್ಯ ಇಲಾಖೆಯವರಿಗೆ ತಿಳಿಸಿ.