ಫೋನ್ ಸರಿಯಾಯಿತು, ಅಳತೆಗಳು ಹೋದವು

ತಿಪಟೂರಿನ ಒಂದು ಮೊಬೈಲ್ ಅಂಗಡಿಯಲ್ಲಿ ರಿಪೇರಿ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ ಆಯಿತು. ಡಿಸ್‌ಪ್ಲೇ ಬದಲಿಸುವುದು, ಚಾರ್ಜಿಂಗ್ ಪಿನ್ ಹಾಕುವುದು, ಉಬ್ಬಿದ ಬ್ಯಾಟರಿ ತೆಗೆಯುವುದು, ಹ್ಯಾಂಗ್ ಆದ ಫೋನಿಗೆ ಸಾಫ್ಟ್‌ವೇರ್ ಹೊಡೆಯುವುದು (ಅಂದರೆ ಫೋನಿನ ಸಾಫ್ಟ್‌ವೇರನ್ನು ಹೊಸದಾಗಿ ಬರೆಯುವುದು), ಇದೇ ದಿನದ ಕೆಲಸ. ರಾತ್ರಿ ಮನೆಗೆ ಹೋದ ಮೇಲೂ ಹೊಸ ಫೋನು, ಹೊಸ ಆ್ಯಪ್ ಅಂತಲೇ ಓದುತ್ತಿರುತ್ತೇನೆ. ಹೈಸ್ಕೂಲಿನಿಂದಲೂ ಈ ಹುಚ್ಚು ಇದೆ. ಆದರೂ ಈ ಕೆಲಸದಲ್ಲಿ ನಾನು ಕಲಿತ ದೊಡ್ಡ ಪಾಠ ಓದಿನಿಂದ ಬಂದಿದ್ದಲ್ಲ. ಒಬ್ಬ ಟೈಲರ್ ಅಕ್ಕನಿಗೆ ನನ್ನಿಂದ ಆದ ನಷ್ಟದಿಂದ ಬಂದಿದ್ದು.

2022ರ ಏಪ್ರಿಲ್. ಮದುವೆ ಸೀಸನ್. ಅಕ್ಕ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಬಂದು ನಿಂತಿದ್ದರು. ಫೋನ್ ಆನ್ ಮಾಡಿದರೆ ಕಂಪನಿ ಲೋಗೋ ಬರುತ್ತಿತ್ತು, ಆರುತ್ತಿತ್ತು, ಮತ್ತೆ ಲೋಗೋ ಬರುತ್ತಿತ್ತು. 32 ಜಿಬಿ ಫೋನು. ಇಂಥ ಫೋನುಗಳಲ್ಲಿ ಮೆಮೊರಿ ಪೂರ್ತಿ ತುಂಬಿದಾಗ ಹೀಗಾಗುವುದು ಹೊಸದೇನಲ್ಲ. ಆನ್ ಆಗುವಾಗ ಸಿಸ್ಟಮ್ ತನ್ನ ಫೈಲುಗಳನ್ನು ಬರೆದುಕೊಳ್ಳಲೂ ಜಾಗ ಉಳಿದಿರುವುದಿಲ್ಲ.

"ಬೇಗ ಮಾಡಿಕೊಡಪ್ಪ, ಗಿರಾಕಿಗಳು ಫೋನ್ ಮಾಡ್ತಿರ್ತಾರೆ" ಅಂದರು. ನಾನು ಸಾಫ್ಟ್‌ವೇರ್ ಹೊಡೆದೆ. ನಲವತ್ತು ನಿಮಿಷದಲ್ಲಿ ಫೋನ್ ಹೊಸದರ ಹಾಗೆ ಆನ್ ಆಯಿತು. ಅಕ್ಕನ ಮುಖ ಅರಳಿತು. ಕೈಗೆ ತೆಗೆದುಕೊಂಡು, "ಫೋಟೊ ಎಲ್ಲಿ ಹೋದ್ವು?" ಅಂತ ಕೇಳಿದರು.

ಅವರ ಅಳತೆ ಪುಸ್ತಕ ಹಿಂದಿನ ಮಳೆಗಾಲದಲ್ಲಿ ನೆನೆದು ಹಾಳಾಗಿತ್ತಂತೆ. ಅದಕ್ಕೇ ಉಳಿದ ಹಾಳೆಗಳ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಂಡಿದ್ದರು. ಆಮೇಲಿನ ಗಿರಾಕಿಗಳ ಅಳತೆಯನ್ನೂ ಚೀಟಿಯಲ್ಲಿ ಬರೆದು ಫೋಟೊ ಹೊಡೆಯುವುದೇ ಅಭ್ಯಾಸ ಆಗಿತ್ತು. ಎದೆ, ಸೊಂಟ, ತೋಳು, ಕುತ್ತಿಗೆ ಆಳ, ಯಾರಿಗೆ ಯಾವ ಡಿಸೈನು, ಯಾರು ಎಷ್ಟು ಅಡ್ವಾನ್ಸ್ ಕೊಟ್ಟಿದ್ದಾರೆ, ಎಲ್ಲ ಆ ಫೋಟೊಗಳಲ್ಲಿ. ನಾನು ಒಂದು ಮಾತು ಕೇಳಿರಲಿಲ್ಲ. "ಅಕ್ಕಾ, ಇದರೊಳಗೆ ಬೇಕಾದ್ದು ಏನಾದರೂ ಇದೆಯಾ?" ಅಷ್ಟೇ ಸಾಕಿತ್ತು.

ಯಾಕೆಂದರೆ ಬೇರೆ ದಾರಿ ಇತ್ತು. ಸಾಫ್ಟ್‌ವೇರ್ ಹೊಡೆಯುವಾಗ ಬಳಕೆದಾರರ ಡೇಟಾ ಇರುವ ಭಾಗವನ್ನು ಮುಟ್ಟದೆ, ಸಿಸ್ಟಮ್ ಭಾಗವನ್ನು ಮಾತ್ರ ಬರೆಯಬಹುದು. ಎಲ್ಲ ಸಲವೂ ಅದು ಕೈಹಿಡಿಯುವುದಿಲ್ಲ, ಸಮಯವೂ ಜಾಸ್ತಿ ಬೇಕು. ಆದರೆ ಮೊದಲು ಅದನ್ನೇ ಪ್ರಯತ್ನಿಸಬೇಕಿತ್ತು. ನಾನು ಎಲ್ಲವನ್ನೂ ಅಳಿಸಿ ಬರೆಯುವ, ಬೇಗ ಮುಗಿಯುವ ದಾರಿ ಹಿಡಿದೆ.

"ರಿಕವರಿ ಸಾಫ್ಟ್‌ವೇರ್ ಇರುತ್ತಂತಲ್ಲ" ಅಂತ ಅಕ್ಕನ ಮಗ ಕೇಳಿದ. ಈಗಲೂ ದಿನಕ್ಕೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಹಳೆಯ ಮೆಮೊರಿ ಕಾರ್ಡುಗಳಲ್ಲಿ ಅಳಿಸಿದ ಫೋಟೊ ಎಷ್ಟೋ ಸಲ ಸಿಗುತ್ತದೆ, ನಿಜ. ಈಗಿನ ಫೋನಿನ ಒಳಗಿನ ಮೆಮೊರಿ ಹಾಗಲ್ಲ. ಅದರಲ್ಲಿರುವುದೆಲ್ಲ ಗುಟ್ಟಿನ ಲಿಪಿಯಲ್ಲಿ ಬರೆದ ಹಾಗೆ ಇರುತ್ತದೆ. ಫೋನ್ ರೀಸೆಟ್ ಆದಾಗ, ಅಂದರೆ ಎಲ್ಲ ಅಳಿಸಿ ಹೊಸದರ ಹಾಗೆ ಮಾಡಿದಾಗ, ಆ ಲಿಪಿಯನ್ನು ಓದುವ ಕೀಲಿಯೇ ಹೋಗುತ್ತದೆ. ಕೀಲಿ ಹೋದ ಮೇಲೆ ಎಂಥ ಸಾಫ್ಟ್‌ವೇರ್ ಹಾಕಿದರೂ ಸಿಗುವುದು ಅರ್ಥವಿಲ್ಲದ ಅಕ್ಷರ ಮಾತ್ರ. ದುಡ್ಡು ತೆಗೆದುಕೊಂಡು ರಿಕವರಿ ಮಾಡಿಕೊಡುತ್ತೇವೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ.

ಉಳಿದಿದ್ದು ಗೂಗಲ್ ಖಾತೆ. ಫೋನ್ ಕೂಡ ಅದನ್ನೇ ಕೇಳುತ್ತಾ ನಿಂತಿತ್ತು. ಹೀಗೆ ಹೊರಗಿನಿಂದ ರೀಸೆಟ್ ಮಾಡಿದ ಆಂಡ್ರಾಯ್ಡ್ ಫೋನ್ ಮೊದಲು ಇದ್ದ ಖಾತೆಯ ಪಾಸ್‌ವರ್ಡ್ ಕೊಡುವವರೆಗೆ ಮುಂದೆ ಹೋಗುವುದಿಲ್ಲ. 2015ರಲ್ಲಿ ಆಂಡ್ರಾಯ್ಡ್ 5.1ರ ಜೊತೆ ಬಂದ ಬೀಗ ಇದು, ಕಳ್ಳರ ಕೈಗೆ ಸಿಕ್ಕ ಫೋನ್ ಉಪಯೋಗಕ್ಕೆ ಬರಬಾರದು ಅಂತ. "ನಿಮ್ಮ ಇಮೇಲ್ ಯಾವುದಕ್ಕಾ?" ಅಂದೆ. ಅಕ್ಕ ನನ್ನ ಮುಖ ನೋಡಿದರು. "ನೀನೇ ಮಾಡಿಕೊಟ್ಟಿದ್ದಲ್ಲಪ್ಪ?"

ಹೌದು. 2019ರಲ್ಲಿ ಆ ಫೋನನ್ನು ಅವರು ನಮ್ಮ ಅಂಗಡಿಯಲ್ಲೇ ತೆಗೆದುಕೊಂಡಿದ್ದರು. ನಮ್ಮ ಕಡೆ ಹೊಸ ಫೋನ್ ಮಾರುವುದು ಹೀಗೆಯೇ. ಗಿರಾಕಿ ದುಡ್ಡು ಎಣಿಸುವಷ್ಟರಲ್ಲಿ ಹುಡುಗರು ಒಂದು ಇಮೇಲ್ ಮಾಡಿ, ಬಾಯಿಗೆ ಬಂದ ಪಾಸ್‌ವರ್ಡ್ ಹಾಕಿ, ವಾಟ್ಸ್ಆ್ಯಪ್ ಇಳಿಸಿಕೊಡುತ್ತಾರೆ. ಪಾಸ್‌ವರ್ಡ್ ಏನು ಅಂತ ಗಿರಾಕಿಗೂ ಗೊತ್ತಿರುವುದಿಲ್ಲ, ಸಂಜೆಯ ಹೊತ್ತಿಗೆ ನಮಗೂ ನೆನಪಿರುವುದಿಲ್ಲ. ಫೋಟೊ ಬ್ಯಾಕಪ್ ಬೇಕಾ ಅಂತ ಕೇಳಿದ ಕಡೆಯೆಲ್ಲ "ಬೇಡ" ಒತ್ತುತ್ತಿದ್ದೆವು, ಗಿರಾಕಿಯ ಡೇಟಾ ಸುಮ್ನೆ ಖಾಲಿಯಾಗುತ್ತೆ ಅಂತ. ಆಗ ಗೂಗಲ್ ಫೋಟೋಸ್‌ನಲ್ಲಿ ಸ್ವಲ್ಪ ಗಾತ್ರ ಇಳಿಸಿದ ಫೋಟೊಗಳನ್ನು ಎಷ್ಟು ಬೇಕಾದರೂ ಪುಕ್ಕಟೆ ಇಡಬಹುದಿತ್ತು. ಖಾತೆಗೆ ಪುಕ್ಕಟೆ ಇದ್ದ 15 ಜಿಬಿ ಜಾಗದ ಲೆಕ್ಕಕ್ಕೆ ಅವು ಸೇರತೊಡಗಿದ್ದು 2021ರ ಜೂನ್ 1ರಿಂದ. ಆ 15 ಜಿಬಿಯಲ್ಲೂ ಅಕ್ಕನ ಅಷ್ಟೂ ಅಳತೆ ಆರಾಮಾಗಿ ಕೂರುತ್ತಿತ್ತು.

ಫೋನ್ ನಂಬರ್ ಹಾಕಿ ಖಾತೆ ಹುಡುಕಲು ಹೋದೆ. ಒಟಿಪಿ ಕಳಿಸಿದ್ದೇವೆ ಅಂತ ಬಂತು. ಅಕ್ಕನ ಸಿಮ್ಮಿಗೆ ಏನೂ ಬರಲಿಲ್ಲ. ಆಮೇಲೆ ಗೊತ್ತಾಯಿತು, ಆ ನಂಬರ್ ಈಗ ಅವರ ಹತ್ತಿರ ಇರಲೇ ಇಲ್ಲ. ಲಾಕ್‌ಡೌನ್ ಹೊತ್ತಿನಲ್ಲಿ ಕೆಲಸ ಇರದೆ ರೀಚಾರ್ಜ್ ಬಿಟ್ಟಿದ್ದರು. ಆಮೇಲೆ ಮಗ ಬೇರೆ ಸಿಮ್ ತಂದುಕೊಟ್ಟಿದ್ದ. ವಾಟ್ಸ್ಆ್ಯಪ್ ಮಾತ್ರ ಹಳೆ ನಂಬರಿನಲ್ಲೇ ನಡೆಯುತ್ತಿತ್ತು. ಮನೆಯ ವೈಫೈ ಸಾಕು, ಸಿಮ್ ಸತ್ತಿದ್ದರೂ ಅದು ಓಡುತ್ತಿತ್ತು. ಹಾಗಾಗಿ ನಂಬರ್ ಹೋಗಿದೆ ಅಂತ ಅವರಿಗೆ ಅನ್ನಿಸಿಯೇ ಇರಲಿಲ್ಲ. ಈಗ ಫೋನ್ ಖಾಲಿಯಾಗಿದ್ದರಿಂದ ವಾಟ್ಸ್ಆ್ಯಪ್‌ಗೂ ಹಳೆ ನಂಬರಿನ ಒಟಿಪಿಯೇ ಬೇಕು.

90 ದಿನ ಕರೆ, ಮೆಸೇಜು, ಡೇಟಾ ಯಾವುದನ್ನೂ ಬಳಸದೆ ಬಿಟ್ಟ ಸಿಮ್ಮನ್ನು ಕಂಪನಿ ನಿಲ್ಲಿಸಬಹುದು. ಮತ್ತೆ 90 ದಿನ ಕಳೆದ ಮೇಲೆ ಅದೇ ನಂಬರನ್ನು ಇನ್ನೊಬ್ಬರಿಗೆ ಕೊಡಬಹುದು. ನಂಬರ್ ನಮ್ಮ ಸ್ವಂತ ಆಸ್ತಿ ಅಂದುಕೊಂಡಿರುತ್ತೇವೆ, ಅದು ಹಾಗಲ್ಲ.

ಆ ನಂಬರಿಗೆ ಫೋನ್ ಮಾಡಿದೆ. ರಾಯಚೂರು ಕಡೆಯ ಹುಡುಗನೊಬ್ಬ ಎತ್ತಿದ. ಇದ್ದ ವಿಷಯ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ. ಕೊನೆಗೆ, "ತಪ್ಪ ತಿಳಕೋಬ್ಯಾಡ್ರಿ ಅಣ್ಣಾ, ಒಟಿಪಿ ಮಾತ್ರ ಯಾರಿಗೂ ಹೇಳಂಗಿಲ್ಲರಿ" ಅಂದ. ನನಗೆ ಒತ್ತಾಯ ಮಾಡಲು ಮನಸ್ಸು ಬರಲಿಲ್ಲ. ಅವನು ಹೇಳಿದ್ದು ಸರಿಯಾಗಿಯೇ ಇತ್ತು. ನಾವೇ ಎಲ್ಲರಿಗೂ ಹೇಳಿಕೊಡುವುದು ಅದನ್ನೇ ಅಲ್ವಾ?

ಆದರೆ ಫೋನ್ ಇಟ್ಟ ಮೇಲೆ ಇನ್ನೊಂದು ಯೋಚನೆ ಬಂತು. "ಅಕ್ಕಾ, ಬ್ಯಾಂಕಿನಲ್ಲಿ ಯಾವ ನಂಬರ್ ಕೊಟ್ಟಿದ್ದೀರಿ?" ಅವರಿಗೆ ನೆನಪಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಮೆಸೇಜ್ ಬರೋದು ನಿಂತು ಬಹಳ ದಿನ ಆಯ್ತು" ಅಂದರು. ಅವರ ಖಾತೆಗೆ ದುಡ್ಡು ಬಂದಿದ್ದು, ಹೋಗಿದ್ದು, ಬ್ಯಾಂಕಿನ ಒಟಿಪಿ, ಎಲ್ಲ ರಾಯಚೂರಿಗೆ ಹೋಗುತ್ತಿತ್ತು. ಆ ಹುಡುಗ ಒಳ್ಳೆಯವನು. ಎಲ್ಲರೂ ಹಾಗಿರುವುದಿಲ್ಲ. ಆವತ್ತು ಮಧ್ಯಾಹ್ನವೇ ಅಂಗಡಿ ಬಿಟ್ಟು ಅಕ್ಕನ ಜೊತೆ ಬ್ಯಾಂಕಿಗೆ ಹೋದೆ. ಪಾಸ್‌ಬುಕ್, ಆಧಾರ್ ತೋರಿಸಿ ನಂಬರ್ ಬದಲಿಸುವ ಫಾರಂ ತುಂಬಿ ಕೊಟ್ಟೆವು.

ಫೋನಿನ ಬೀಗ ತೆಗೆಸಲು ಕಂಪನಿಯ ಸರ್ವಿಸ್ ಸೆಂಟರ್‌ಗೆ ತುಮಕೂರಿಗೆ ಹೋಗಬೇಕಾಯಿತು. ಬಿಲ್ ತೋರಿಸಿದರೆ ತೆಗೆದುಕೊಡುತ್ತಾರೆ. ಅಕ್ಕ ಬಿಲ್ಲನ್ನು ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿ, ಬಾಬಿನ್ನುಗಳ ಕೆಳಗೆ ಜೋಪಾನವಾಗಿ ಇಟ್ಟಿದ್ದರು. ಬೀಗ ಹೋಯಿತು. ಫೋಟೊ ಬರಲಿಲ್ಲ. ಅಕ್ಕ ಒಬ್ಬೊಬ್ಬ ಗಿರಾಕಿಗೂ ಫೋನ್ ಮಾಡಿ, ಅಳತೆ ಬ್ಲೌಸ್ ತಂದುಕೊಡಿ ಅಂತ ಕೇಳಬೇಕಾಯಿತು. ಎಷ್ಟೋ ನಂಬರುಗಳೂ ಹೋಗಿದ್ದವು. ಎರಡು ಮದುವೆಯ ಆರ್ಡರ್ ಬೇರೆ ಟೈಲರಿಗೆ ಹೋದವು. ನಾನು ರಿಪೇರಿ ದುಡ್ಡು ತೆಗೆದುಕೊಳ್ಳಲಿಲ್ಲ, ತುಮಕೂರಿನ ಖರ್ಚನ್ನೂ ಕೊಟ್ಟೆ. ಆ ಎರಡು ಆರ್ಡರಿನ ದುಡ್ಡು ಅದಕ್ಕಿಂತ ಎಷ್ಟೋ ಜಾಸ್ತಿ ಅಂತ ನನಗೆ ಗೊತ್ತು. ಅಕ್ಕ ಒಂದು ಕೆಟ್ಟ ಮಾತೂ ಆಡಲಿಲ್ಲ. ಬೈದಿದ್ದರೇ ನನಗೆ ಹಗುರ ಆಗುತ್ತಿತ್ತು.

ಅವತ್ತಿನಿಂದ ನಮ್ಮ ಕೌಂಟರಿನಲ್ಲಿ ಒಂದು ಪುಸ್ತಕ ಇದೆ. ರಿಪೇರಿಗೆ ಬಂದ ಪ್ರತಿ ಫೋನಿಗೂ ಮೂರು ಮಾತು ಕೇಳಿ ಬರೆಯುತ್ತೇನೆ. ಒಳಗೆ ಬೇಕಾದ್ದು ಏನಿದೆ, ಅದರ ಇನ್ನೊಂದು ಪ್ರತಿ ಎಲ್ಲಾದರೂ ಇದೆಯಾ, ಇಮೇಲ್ ಮತ್ತು ವಾಟ್ಸ್ಆ್ಯಪ್ ಯಾವ ನಂಬರಿನಲ್ಲಿವೆ. ಡೇಟಾ ಹೋಗಬಹುದು ಅನ್ನುವ ಕೆಲಸವಾದರೆ ಗಿರಾಕಿಯ ಬಾಯಲ್ಲೇ "ಹೋದರೆ ಹೋಗಲಿ" ಅಂತ ಕೇಳಿಸಿಕೊಂಡ ಮೇಲೆಯೇ ಕೈ ಹಾಕುವುದು. ಜನ ಇದ್ದಾಗ ಇದು ಕಷ್ಟ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ, ಕೆಲವರು ರೇಗುತ್ತಾರೆ. ಆದರೂ ಬಿಟ್ಟಿಲ್ಲ.

ಈ ಪುಸ್ತಕದಿಂದ ನನಗೇ ಒಂದು ವಿಷಯ ಕಾಣಿಸಿತು. ಬರುವ ತೊಂದರೆಗಳಲ್ಲಿ ಎಷ್ಟೋ ಫೋನಿನದ್ದಲ್ಲ, ನಂಬರಿನದ್ದು. ಮೊನ್ನೆ ಒಬ್ಬ ಕೊಬ್ಬರಿ ವ್ಯಾಪಾರಿ ಸಿಮ್ ಹಾಳಾಗಿ ಅದೇ ನಂಬರಿನ ಹೊಸ ಸಿಮ್ ತೆಗೆಸಿದ್ದರು. ಯುಪಿಐ ಶುರು ಆಗುತ್ತಿಲ್ಲ ಅಂತ ಸಿಟ್ಟಾಗಿ ಬಂದರು. ಯುಪಿಐ ಆ್ಯಪ್ ಮೊದಲ ಸಲ ಆನ್ ಆಗುವಾಗ ಆ ಸಿಮ್ಮಿನಿಂದಲೇ ಒಂದು ಮೆಸೇಜ್ ಕಳಿಸಿ, ನಂಬರ್ ಇದೇ ಫೋನಿನಲ್ಲಿದೆ ಅಂತ ಖಚಿತ ಮಾಡಿಕೊಳ್ಳುತ್ತದೆ. ಹೊಸದಾಗಿ ತೆಗೆಸಿದ ಸಿಮ್ಮಿನಲ್ಲಿ ಮೊದಲ 24 ಗಂಟೆ ಮೆಸೇಜ್ ಹೋಗುವುದೂ ಇಲ್ಲ, ಬರುವುದೂ ಇಲ್ಲ. ನಿಮ್ಮ ಹೆಸರಿನಲ್ಲಿ ಕಳ್ಳ ಯಾರಾದರೂ ಸಿಮ್ ತೆಗೆಸಿದರೆ ಎಚ್ಚರ ಆಗಲು ಒಂದು ದಿನ ಸಿಗಲಿ ಅಂತ ಇರುವ ನಿಯಮ. ಇಷ್ಟು ಬಿಡಿಸಿ ಹೇಳಿದ ಮೇಲೆ ಯಜಮಾನರು ಸಮಾಧಾನ ಆಗಿ, "ಹಂಗಾದ್ರೆ ಒಳ್ಳೇದೇ ಬಿಡು" ಅಂದರು. ಯಾಕೆ ಅಂತ ತಿಳಿದರೆ ಜನ ಕಾಯುತ್ತಾರೆ. ನಾವು ಹೇಳುವುದಿಲ್ಲ ಅಷ್ಟೇ.

ಫೋನ್ ಕಳೆದುಕೊಂಡು ಬರುವವರಿಗೆ ಮೊದಲು ಸಿಮ್ ಬ್ಲಾಕ್ ಮಾಡಿಸಿ ಅನ್ನುತ್ತೇನೆ, ಆಮೇಲೆ ಪೊಲೀಸ್ ದೂರು, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಹಾಕಿ ಫೋನ್ ಬ್ಲಾಕ್. *#06# ಒತ್ತಿದರೆ ಬರುವ ಆ 15 ಅಂಕಿಯನ್ನು ಇವತ್ತೇ ಎಲ್ಲಾದರೂ ಬರೆದಿಟ್ಟುಕೊಳ್ಳಿ.

ಹೊಸ ಫೋನ್ ಮಾರುವಾಗ ಈಗ ಇಮೇಲ್ ನಾವು ಮಾಡುವುದಿಲ್ಲ. ಗಿರಾಕಿಯನ್ನೇ ಕೂರಿಸಿ, ಪಾಸ್‌ವರ್ಡ್ ಅವರ ಕೈಯಿಂದಲೇ ಹಾಕಿಸಿ, ಅವರ ಅಕ್ಷರದಲ್ಲೇ ಮನೆಯ ಪುಸ್ತಕದಲ್ಲಿ ಬರೆದಿಡಿ ಅನ್ನುತ್ತೇವೆ. ಚೀಟಿಯಲ್ಲಿ ಪಾಸ್‌ವರ್ಡ್ ಬರೆಯಬಾರದು ಅಂತ ತಿಳಿದವರು ಹೇಳುತ್ತಾರೆ. ನಮ್ಮ ಊರಿನ ಅನುಭವದಲ್ಲಿ ಹೇಳುತ್ತೇನೆ, ಬೀರುವಿನಲ್ಲಿರುವ ಚೀಟಿ ಕದ್ದು ಹೋಗಿದ್ದನ್ನು ನಾನು ನೋಡಿಲ್ಲ. ಮರೆತ ಪಾಸ್‌ವರ್ಡಿನಿಂದ ಅತ್ತವರನ್ನು ವಾರ ವಾರ ನೋಡುತ್ತೇನೆ.

ನಮ್ಮ ಜನ ಅಂಗಡಿಯವರನ್ನು ಬಹಳ ನಂಬುತ್ತಾರೆ. ಫೋನ್ ಕೈಗೆ ಕೊಡುತ್ತಲೇ ನಾಲ್ಕು ಜನರ ಮುಂದೆ ಪಿನ್ ಕೂಗಿ ಹೇಳುತ್ತಾರೆ. ಯುಪಿಐ ಪಿನ್ನನ್ನೂ ಹೇಳಿದವರಿದ್ದಾರೆ. ಡಿಸ್‌ಪ್ಲೇ ಬದಲಿಸಲು ಯಾವ ಪಿನ್ನೂ ಬೇಕಾಗಿಲ್ಲ, ಟಚ್ ಪರೀಕ್ಷೆಗೆ ಬೇಕಾದರೆ ನೀವೇ ಲಾಕ್ ತೆಗೆದುಕೊಡಿ ಅಂತ ಪ್ರತಿ ಸಲ ಹೇಳುತ್ತೇನೆ.

ಕಳೆದ ದೀಪಾವಳಿಗೆ ಟೈಲರ್ ಅಕ್ಕ ಮತ್ತೆ ಬಂದರು. ನಾನಿರುವ ಅಂಗಡಿಗೇ ಬಂದರಲ್ಲ ಅಂತ ಎದೆ ತುಂಬಿ ಬಂತು. 128 ಜಿಬಿಯ ಹೊಸ ಫೋನ್ ತೆಗೆದುಕೊಂಡರು. ಚೀಲದಿಂದ ಒಂದು ರಟ್ಟಿನ ಪುಸ್ತಕ ತೆಗೆದರು. ಮುಂದಿನ ಪುಟಗಳಲ್ಲೆಲ್ಲ ಅಳತೆ, ಹಿಂದಿನ ಪುಟದಲ್ಲಿ ಇಮೇಲ್. ಕನ್ನಡಕ ಹಾಕಿಕೊಂಡು ಒಂದೊಂದೇ ಅಕ್ಷರ ಒತ್ತತೊಡಗಿದರು. ಸಹಾಯಕ್ಕೆ ಅಂತ ನಾನು ಬಗ್ಗಿದೆ. ಅಕ್ಕ ಪುಸ್ತಕಕ್ಕೆ ಕೈ ಅಡ್ಡ ಇಟ್ಟರು.

"ಪಾಸ್‌ವರ್ಡ್ ಹಾಕ್ತಿದೀನಿ, ನೀನು ಸ್ವಲ್ಪ ಆ ಕಡೆ ತಿರುಗಪ್ಪ."

ನಾನು ಗೋಡೆ ಕಡೆ ತಿರುಗಿ ನಿಂತೆ.